ಮಾಂಜ್ರಾ ಹೊಳೆಯ ಕಡಲಹಕ್ಕಿಗಳು

‘ಬೀದರಿನಲ್ಲಿ ಕಡಲಹಕ್ಕಿಯೇ!’ ಎಂದು ಈ ಲೇಖನದ ಶಿರೋನಾಮೆಯನ್ನು ಕಂಡ ಗೆಳೆಯರು ನಕ್ಕರು. ಅವರ ನಗೆ ತಪ್ಪಲ್ಲ. ನಮ್ಮ ಜಿಲ್ಲೆಗೆ ಕಡಲಿಲ್ಲ. ಕಾರವಾರವನ್ನಾಗಲಿ ಮಲ್ಪೆಯನ್ನಾಗಲಿ ಕಣ್ಣಾರೆ ಕಂಡವರು ನಮ್ಮ ತರಗತಿಯಲ್ಲಿ ಇಬ್ಬರೋ ಮೂವರೋ. ಆದರೆ ಕಡಲಹಕ್ಕಿಗಳ ಬಳಗಕ್ಕೇ ಸೇರಿದ ರೀವವೆಂಬ ಪಕ್ಷಿಯೊಂದು ಕಡಲಿನ ಹಂಗಿಲ್ಲದೆ ಹೊಳೆಯಲ್ಲೇ ಹುಟ್ಟಿ ಹೊಳೆಯಲ್ಲೇ ಬಾಳುತ್ತದೆ. ಭಾಲ್ಕಿ, ಔರಾದ್ ತಾಲ್ಲೂಕುಗಳ ನಡುವೆ ಹರಿಯುವ ಮಾಂಜ್ರಾ ಅದರ ಮನೆ.

ನಾನು ಪ್ರಾಣಿಶಾಸ್ತ್ರ ಓದಿದವನಲ್ಲ, ಇತಿಹಾಸದ ವಿದ್ಯಾರ್ಥಿ. ಹೊಳೆದಂಡೆಯ ಹಳ್ಳಿಯಲ್ಲಿ ಬೆಳೆದುದಷ್ಟೇ ನನ್ನ ಅಧಿಕಾರ. ಊರಿನಲ್ಲಿ ಇದನ್ನು ಬರಿದೆ ನೀರಹಕ್ಕಿ ಎನ್ನುತ್ತೇವೆ. ಬೂದುಬಣ್ಣದ ಮೈ, ಕರಿಯ ನೆತ್ತಿ, ಅರಿಸಿನದಂತಹ ಕೊಕ್ಕು, ಕತ್ತರಿಯಂತೆ ಸೀಳಿದ ಬಾಲ. ನೀರಿನ ಮೇಲೆ ತೇಲಾಡುತ್ತ ಹಾರಿ, ಥಟ್ಟನೆ ಕಲ್ಲು ಬಿದ್ದಂತೆ ಬಿದ್ದು ಮೀನೆತ್ತುತ್ತದೆ. ಚಳಿಗಾಲದಲ್ಲಿ ಕಾರಂಜಾ ಜಲಾಶಯದಂತಹ ಒಳನಾಡಿನ ನೀರಿಗೆ ಬರುವ ಮೀಸೆ ರೀವ ಬೇರೆ. ಅದು ಅತಿಥಿ, ಬೇಸಿಗೆಗೆ ಹೊರಟುಹೋಗುತ್ತದೆ. ಲಡಾಖಿನ ಸರೋವರಗಳಲ್ಲಿ ಮರಿಮಾಡಿ ನಮ್ಮ ಕರಾವಳಿಗಿಳಿಯುವ ಕಂದುತಲೆಯ ಕಡಲಕ್ಕಿಯೂ ಅತಿಥಿಯೇ. ಹೊಳೆಯ ರೀವ ಮಾತ್ರ ಒಕ್ಕಲಿದ್ದಂತೆ: ಬರಗಾಲವೋ ಬೆಳೆಗಾಲವೋ, ಇಲ್ಲಿಯೇ.

ಅದರ ಕಷ್ಟವಿರುವುದೂ ಇಲ್ಲಿಯೇ. ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಮಾರ್ಚಿನಿಂದ ಮೇ ತಿಂಗಳವರೆಗೆ, ಹೊಳೆ ಬತ್ತಿ ನಡುನೀರಿನಲ್ಲಿ ಉಸುಕಿನ ದಿಬ್ಬಗಳು ಎದ್ದಾಗ, ಎದೆಯಿಂದ ಉಸುಕನ್ನು ಕೆದರಿ ಬಟ್ಟಲಿನಷ್ಟು ತಗ್ಗು ಮಾಡಿ ಎರಡು ಮೂರು ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣವೂ ಉಸುಕಿನದೇ. ಕಾಲಡಿಗೆ ಬರುವವರೆಗೆ ಕಾಣದು. ನಮ್ಮ ಕಡೆಯ ಬೇಸಿಗೆ ಎಂತಹುದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಆ ಕಾದ ಉಸುಕಿನಲ್ಲಿ ಮೊಟ್ಟೆ ಬೇಯಬಾರದೆಂದು ತಾಯಿಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕುಳಿತುಕೊಳ್ಳುತ್ತದೆ. ಇದನ್ನು ಕಂಡ ದಿನ ನಾನು ಮಧ್ಯಾಹ್ನದ ಊಟ ಮರೆತು ದಂಡೆಯ ಜಾಲಿಯ ನೆರಳಿನಲ್ಲಿ ಕುಳಿತಿದ್ದೆ.

ದಿಬ್ಬದ ಸುತ್ತ ನೀರಿರುವವರೆಗೆ ನಾಯಿ, ನರಿಗಳು ಅಲ್ಲಿಗೆ ಬರಲಾರವು. ನೀರು ಬತ್ತಿತೋ, ದಿಬ್ಬ ದಂಡೆಗೆ ಕೂಡಿಕೊಳ್ಳುತ್ತದೆ. ಮೇಲಿನಿಂದ ಒಮ್ಮೆಲೇ ನೀರು ಬಿಟ್ಟರೋ, ಗೂಡೇ ಕೊಚ್ಚಿಹೋಗುತ್ತದೆ. ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟುವ ಈ ಹೊಳೆ ಲಾತೂರನ್ನು ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಕಡೆ ಕಟ್ಟುಬಿದ್ದಿರುತ್ತದೆ. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದರಷ್ಟೆ. ಮನುಷ್ಯನಿಗೇ ನೀರಿಲ್ಲದಾಗ ಹಕ್ಕಿಯ ದಿಬ್ಬಕ್ಕೆ ನೀರು ಬಿಡಿರೆಂದು ಕೇಳುವಷ್ಟು ಹುಚ್ಚು ನನಗಿಲ್ಲ.

ನಾನು ಕೇಳುವುದು ಉಸುಕಿನ ವಿಷಯ. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ತಂದೆ ಟ್ರ್ಯಾಕ್ಟರ್ ಹೊಡೆಯುವವರು; ನನ್ನ ಕಾಲೇಜಿನ ಫೀ ಬಹುಮಟ್ಟಿಗೆ ಉಸುಕಿನ ಬಾಡಿಗೆಯಿಂದಲೇ ಬಂದಿದೆ. ಆದ್ದರಿಂದ ಹೊಳೆಗೆ ಯಾರೂ ಇಳಿಯಕೂಡದೆಂದು ಪೇಟೆಯಲ್ಲಿ ಕುಳಿತು ಬರೆಯುವವರ ಸಾಲಿಗೆ ನಾನು ಸೇರಲಾರೆ. ಉಸುಕಿಲ್ಲದೆ ಶಾಲೆಯ ಗೋಡೆಯೂ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಕ್ಕಿಯ ಮೊಟ್ಟೆ ಕೆಡಿಸುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಸರಿ, ಆದರೆ ಗಾಲಿಯ ಕೆಳಗೆ ಮೊಟ್ಟೆಯಿದೆಯೆಂದು ಬಡ ಡ್ರೈವರನಿಗೆ ಹೇಳುವವರಾರು? ಮೊಟ್ಟೆಯೊಡೆಯಲು ಸುಮಾರು ಮೂರು ವಾರ, ಮರಿ ಹಾರಲು ಸುಮಾರು ನಾಲ್ಕು ವಾರ. ಹಕ್ಕಿ ಕುಳಿತ ದಿಬ್ಬವನ್ನಷ್ಟೇ ಗುರುತಿಸಿ, ಆ ಎರಡು ತಿಂಗಳು ಅದನ್ನು ಬಿಟ್ಟು ಬೇರೆಡೆ ತುಂಬಿಕೊಂಡರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗದು. ಗುರುತಿಸುವ ಕೆಲಸ ಪಂಚಾಯಿತಿಯದು, ಅರಣ್ಯ ಇಲಾಖೆಯದು. ಅವರಿಗೆ ತೋರಿಸಿಕೊಡುವ ಕೆಲಸ ನಮ್ಮದು.

ಭದ್ರಾ ಜಲಾಶಯದ ನಡುಗಡ್ಡೆಗಳ ರೀವಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಲಕ್ಕವಳ್ಳಿಯ ಪ್ರವಾಸಿಗೃಹಕ್ಕೆ ಆ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಹಕ್ಕಿಗೆ ಒಂದು ಪಟ್ಟಿಯೂ ಇಲ್ಲವೆಂದರೆ ನಾಚಿಕೆಯಲ್ಲವೆ? ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗಲೇ, 1931–32ರಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರಹಕ್ಕಿಗಳ ಗಣತಿ ನಡೆಯುತ್ತಿದೆ. ಆದರೆ ಜನವರಿಯಲ್ಲಿ ಎಣಿಸಿದರೆ ಅತಿಥಿಗಳ ಲೆಕ್ಕ ಸಿಕ್ಕೀತು, ಗೂಡಿನ ಲೆಕ್ಕ ಸಿಗದು. ಅದಕ್ಕೆ ಏಪ್ರಿಲಿನಲ್ಲೇ ಹೋಗಬೇಕು. ಏಪ್ರಿಲ್ ಬಂತೆಂದರೆ ನಮಗೆ ಪರೀಕ್ಷೆಯ ಜ್ವರ!

ಆದರೂ ಒಂದು ಭಾನುವಾರ ಹೋಗೋಣವೆಂದು ನಾಲ್ವರು ಗೆಳೆಯರು ಒಪ್ಪಿದ್ದಾರೆ, ಮೊದಲು ನಕ್ಕವರೇ. ದುರ್ಬೀನು ಒಂದೇ ಇದೆ. ಕಳೆದ ಬೇಸಿಗೆಯಲ್ಲಿ ಹಕ್ಕಿಗಳು ತಲೆಯ ಮೇಲೆ ಎರಗಿದ್ದರಿಂದ ತಾವು ಟ್ರ್ಯಾಕ್ಟರನ್ನು ಹಿಂದಕ್ಕೆ ತಿರುಗಿಸಿದ ದಿಬ್ಬವನ್ನು ತೋರಿಸುವುದಾಗಿ ತಂದೆಯವರು ಹೇಳಿದ್ದಾರೆ. ಡೀಸೆಲ್ಲಿನ ಖರ್ಚು ಮಾತ್ರ ನಾವು ಕೊಡಬೇಕಂತೆ.