ನಿಲ್ಲುವ ಜಾಗವನ್ನು ಕಂಪ್ಯೂಟರ್ ಆರಿಸುವುದಿಲ್ಲ

ಆರ್ಕಿಟೆಕ್ಚರ್ ಓದುವ ಮಕ್ಕಳಿಗೆ ಪರ್ಸ್‌ಪೆಕ್ಟಿವ್ ಚಿತ್ರವನ್ನು ಮೊದಲಿನಿಂದಲೇ ಕ್ಯಾಡ್‌ನಲ್ಲಿ ಕಲಿಸಿ, ಟೀ-ಸ್ಕ್ವೇರ್ ಹಿಡಿಸಿ ತಿಂಗಳುಗಟ್ಟಲೆ ಗೆರೆ ಎಳೆಸುವುದನ್ನು ಬಿಡಿ ಎಂಬುದು ನನ್ನ ವಾದ. ಅದಕ್ಕೆ ಹಳೆಯ ಡ್ರಾಫ್ಟ್ಸ್‌ಮನ್‌ಗಳೂ ಕೆಲವು ಮೇಷ್ಟ್ರುಗಳೂ ಖಾರವಾಗಿಯೇ ಉತ್ತರಿಸಿದ್ದಾರೆ. ಖಾರಕ್ಕೆ ನನ್ನ ತಕರಾರಿಲ್ಲ; ತಕರಾರು ಇರುವುದು ತರ್ಕದ ಬಗ್ಗೆ.

'ಬಟನ್ ಒತ್ತಿದರೆ ಬರುವುದು ಚಿತ್ರವೇ ಅಲ್ಲ' ಎಂಬುದು ಮೊದಲ ಆಕ್ಷೇಪ. 1525ರಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಅಚ್ಚು ಹಾಕಿಸಿದ ಜ್ಯಾಮಿತಿ ಪುಸ್ತಕದಲ್ಲಿ ಒಂದು ಮರದಚ್ಚಿನ ಚಿತ್ರವಿದೆ. ಮೇಜಿನ ಮೇಲೆ ಒಂದು ತಂತಿವಾದ್ಯ. ಗೋಡೆಯ ಕೊಕ್ಕೆಯಿಂದ ಹೊರಟ ದಾರ ಚೌಕಟ್ಟೊಂದರ ಮೂಲಕ ಹಾದು ವಾದ್ಯವನ್ನು ಮುಟ್ಟುತ್ತದೆ. ಒಬ್ಬ ದಾರದ ತುದಿಯನ್ನು ವಾದ್ಯದ ಮೇಲೆ ಇಡುತ್ತಾನೆ, ಇನ್ನೊಬ್ಬ ದಾರ ಚೌಕಟ್ಟನ್ನು ದಾಟುವ ಜಾಗವನ್ನು ಗುರುತು ಮಾಡಿಕೊಳ್ಳುತ್ತಾನೆ. ಕಣ್ಣು ಇರಬೇಕಾದ ಜಾಗದಲ್ಲಿ ಅಲ್ಲಿರುವುದು ಗೋಡೆಯ ಕೊಕ್ಕೆ! ಆಟೋಕ್ಯಾಡ್ ಕೇಳುವ ಕ್ಯಾಮೆರಾ ಪಾಯಿಂಟ್ ಅಂದರೆ ಆ ಕೊಕ್ಕೆಯೇ, ಬೋರ್ಡಿನ ಮೇಲೆ ನಾವು ಗುರುತಿಸುತ್ತಿದ್ದ ಸ್ಟೇಷನ್ ಪಾಯಿಂಟೂ ಅದೇ. ಪರ್ಸ್‌ಪೆಕ್ಟಿವ್‌ಗೆ ಯಂತ್ರ ಹೊಸದಾಗಿ ಬಂದ ನೆಂಟನೇನಲ್ಲ.

ಎರಡನೆಯ ಆಕ್ಷೇಪದಲ್ಲಿ ತೂಕವಿದೆ: 'ಕ್ಯಾಡ್‌ನ ವ್ಯೂ ವಿಕಾರವಾಗಿ ಕಾಣುತ್ತದೆ, ಅಂಚಿನ ಕಂಬಗಳು ಹಿಗ್ಗುತ್ತವೆ, ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲುತ್ತವೆ.' ಕಾಣುವುದು ನಿಜ. ಆದರೆ ಯಾಕೆ?

ಬೆಂಗಳೂರಿನ ಒಂದು ಥರ್ಟಿ-ಫಾರ್ಟಿ ಸೈಟನ್ನೇ ತೆಗೆದುಕೊಳ್ಳಿ. ಮನೆಯ ಮುಂಭಾಗ 25 ಅಡಿ ಅಗಲ, ಎದುರಿನ ರಸ್ತೆ 30 ಅಡಿ, ಸೆಟ್‌ಬ್ಯಾಕ್ 3 ಅಡಿ. ಎದುರು ಮನೆಯ ಕಾಂಪೌಂಡಿಗೆ ಬೆನ್ನು ಹಚ್ಚಿ ನಿಂತರೂ ನಿಮಗೂ ಮುಂಭಾಗದ ಗೋಡೆಗೂ ಅಂತರ 33 ಅಡಿ. 36 ಎಂಎಂ ಅಗಲದ ಫಿಲ್ಮಿನ ಲೆಕ್ಕದಲ್ಲಿ 50 ಎಂಎಂ ಲೆನ್ಸಿಗೆ ಅಲ್ಲಿಂದ ಸಿಗುವುದು 24 ಅಡಿಗೆ ಒಂಚೂರು ಕಡಿಮೆ. ಮನೆ ಹಿಡಿಸುವುದಿಲ್ಲ. ಆಗ ನಮ್ಮ ಹುಡುಗ ಲೆನ್ಸನ್ನು 20 ಎಂಎಂಗೆ ಇಳಿಸುತ್ತಾನೆ. ಮನೆಯೇನೋ ಹಿಡಿಸಿತು, ಆದರೆ ಆ ನೋಟವನ್ನು 30 ಸೆಂ.ಮೀ. ಅಗಲಕ್ಕೆ ಪ್ರಿಂಟ್ ಹಾಕಿದರೆ, ಅದು ಸರಿಯಾಗಿ ಕಾಣಲು ಕಣ್ಣು ಹಾಳೆಯಿಂದ ಸುಮಾರು 17 ಸೆಂ.ಮೀ. ದೂರದಲ್ಲಿರಬೇಕು, ಅಂದರೆ ಒಂದು ಗೇಣೂ ಇಲ್ಲ. ಅಷ್ಟು ಹತ್ತಿರ ಹಿಡಿದು ಚಿತ್ರ ನೋಡುವವರು ಯಾರು? 50 ಎಂಎಂ ನೋಟವಾದರೆ ಈ ದೂರ ಸುಮಾರು 42 ಸೆಂ.ಮೀ. ಆಗುತ್ತದೆ, ಪತ್ರಿಕೆ ಹಿಡಿದು ಓದುವಷ್ಟು. ವಿಕಾರ ಹುಟ್ಟುವುದು ನಾವು ನೋಡುವ ದೂರಕ್ಕೂ ಆರಿಸಿದ ಲೆನ್ಸಿಗೂ ಹೊಂದದಿದ್ದಾಗ. ಅದೇ ಜಾಗದಿಂದ ಕೈಯಲ್ಲಿ ಎಳೆದರೂ ಕಂಬ ಅಷ್ಟೇ ಹಿಗ್ಗುತ್ತದೆ.

ಗೋಡೆ ವಾಲುವುದಕ್ಕೆ ಮದ್ದು ಇನ್ನೂ ಸುಲಭ. ಕ್ಯಾಮೆರಾದ ಎತ್ತರ 5 ಅಡಿ ಕೊಟ್ಟರೆ ಟಾರ್ಗೆಟ್‌ಗೂ 5 ಅಡಿಯನ್ನೇ ಕೊಡಿ. ನೇರ ಗೆರೆಗಳು ನೇರವಾಗಿಯೇ ನಿಲ್ಲುತ್ತವೆ. ಟಾರ್ಗೆಟನ್ನು ಪ್ಯಾರಾಪೆಟ್ಟಿಗೆ ಇಟ್ಟರೆ ಕ್ಯಾಮೆರಾ ಕತ್ತೆತ್ತುತ್ತದೆ, ಮೂರನೇ ವ್ಯಾನಿಶಿಂಗ್ ಪಾಯಿಂಟ್ ಹುಟ್ಟಿಕೊಳ್ಳುತ್ತದೆ. ಸ್ಕೆಚ್‌ಅಪ್‌ನಲ್ಲಂತೂ ಇದಕ್ಕೆ 'ಟೂ-ಪಾಯಿಂಟ್ ಪರ್ಸ್‌ಪೆಕ್ಟಿವ್' ಎಂಬ ಆಯ್ಕೆಯೇ ಇದೆ. ಇಷ್ಟನ್ನು ಹೇಳಿಕೊಡದೆ ಸಾಫ್ಟ್‌ವೇರನ್ನು ಬೈದರೆ ಏನು ಬಂತು?

'ಕೈಯಲ್ಲಿ ಎಳೆದಾಗ ವಿದ್ಯಾರ್ಥಿ ಯೋಚಿಸುತ್ತಾನೆ' ಎನ್ನುತ್ತಾರೆ. ಬೋರ್ಡಿನ ಮೇಲೆ ನಿಜವಾಗಿ ನಡೆಯುತ್ತಿದ್ದುದನ್ನು ನೆನಪಿಸಿಕೊಳ್ಳೋಣ. ಪ್ಲಾನನ್ನು 30-60 ಡಿಗ್ರಿಗೆ ತಿರುಗಿಸಿ ಇಡುವುದು ರೂಢಿ. ಆ ಕೋನದಿಂದ ಮನೆ ಚೆನ್ನಾಗಿ ಕಾಣುತ್ತದೆಂದಲ್ಲ, ಕೈಯಲ್ಲಿದ್ದ ಸೆಟ್‌ಸ್ಕ್ವೇರಿನ ಕೋನ ಅದು! ವ್ಯಾನಿಶಿಂಗ್ ಪಾಯಿಂಟ್ ಬೋರ್ಡಿನಾಚೆ ಹೋದರೆ ಪಕ್ಕದ ಮೇಜಿಗೆ ಮೊಳೆ ಹೊಡೆದು ದಾರ ಕಟ್ಟಬೇಕು, ಇಲ್ಲವೇ ನಿಲ್ಲುವ ಜಾಗವನ್ನೇ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ 'ಎರಡು ಹೆಜ್ಜೆ ಎಡಕ್ಕೆ ನಿಂತು ನೋಡಿದ್ದರೆ?' ಎಂದು ಕೇಳಿಕೊಳ್ಳುವ ಚೈತನ್ಯ ಯಾರಿಗೆ ಉಳಿದಿರುತ್ತಿತ್ತು? ಪರ್ಸ್‌ಪೆಕ್ಟಿವ್‌ನಲ್ಲಿ ಯೋಚಿಸಬೇಕಾದ್ದು ಆ ಪ್ರಶ್ನೆಯನ್ನೇ. ಕ್ಯಾಡ್ ಗೆರೆಯ ಕೂಲಿಯನ್ನು ಕಳೆದಿದೆ. ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಈಗಲೂ ನಮ್ಮದೇ. ಪೆನ್ಸಿಲ್ ಸ್ಕೆಚ್ ಬೇಡವೆಂದು ನಾನು ಎಲ್ಲೂ ಹೇಳಿಲ್ಲ. ಸೈಟಿನಲ್ಲಿ ನಿಂತು ಐದು ನಿಮಿಷದಲ್ಲಿ ಗೀಚುವ ಚಿತ್ರಕ್ಕೆ ಲ್ಯಾಪ್‌ಟಾಪ್ ಬದಲಿಯಲ್ಲ.

ಪರ್ಸ್‌ಪೆಕ್ಟಿವ್ ಮೇಲೆ ಸ್ಕೇಲ್ ಇಟ್ಟು ಅಳೆಯಲಾಗದು, ಹಾಗಾಗಿ ನಿಷ್ಪ್ರಯೋಜಕ ಎಂಬ ಮಾತೂ ಬಂದಿದೆ. ಅಳೆಯಲಾಗದು, ಒಪ್ಪಿದೆ. ಮೇಸ್ತ್ರಿಗೆ ಪ್ಲಾನ್, ಸೆಕ್ಷನ್ ಕೊಡಿ. ಇದು ಮನೆಯ ಯಜಮಾನರಿಗೆ.

ಕೊನೆಯದು, ಬ್ರೋಶರುಗಳ ಸುಳ್ಳು. ಅಗಲದ ಲೆನ್ಸ್ ಹಾಕಿ 3 ಅಡಿಯ ಸೆಟ್‌ಬ್ಯಾಕನ್ನು ಅಂಗಳದಂತೆ ತೋರಿಸುತ್ತಾರೆ; ಕ್ಯಾಮೆರಾವನ್ನು ಎದುರು ಮನೆಯ ಗೋಡೆ ತೂರಿಸಿ ಅವರ ಅಡುಗೆಮನೆಯಲ್ಲಿ ನಿಲ್ಲಿಸಿದರೂ ಸಾಫ್ಟ್‌ವೇರ್ ತಡೆಯುವುದಿಲ್ಲ. ನಿಜ, ಆದರೆ ಬಣ್ಣದ ಕೈಚಿತ್ರಗಳೂ ಇದೇ ಆಟ ಆಡುತ್ತಿದ್ದವು. ವ್ಯತ್ಯಾಸವೆಂದರೆ ಅಲ್ಲಿ ಸ್ಟೇಷನ್ ಪಾಯಿಂಟನ್ನು ರಬ್ಬರಿನಿಂದ ಉಜ್ಜಿಬಿಟ್ಟರೆ ಮುಗಿಯಿತು. ಕ್ಯಾಡ್ ಫೈಲಿನಲ್ಲಿ ವ್ಯೂ ಉಳಿಸಿಟ್ಟರೆ ಕ್ಯಾಮೆರಾ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಲೆನ್ಸ್ ಯಾವುದು ಎಂಬುದೆಲ್ಲ ಅಂಕಿಯಲ್ಲೇ ಇರುತ್ತದೆ. ಆದ್ದರಿಂದ ಮನೆ ಕಟ್ಟಿಸುವವರಲ್ಲಿ ಒಂದು ಕೋರಿಕೆ. ನಿಮ್ಮ ಮುಂದೆ ಯಾರಾದರೂ ಚೆಂದದ ತ್ರೀಡಿ ವ್ಯೂ ಹರಡಿದರೆ ಈ ಮೂರನ್ನೂ ಕೇಳಿ, ಉತ್ತರವನ್ನು ಹಾಳೆಯ ಮೂಲೆಯಲ್ಲಿ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಅಡ್ವಾನ್ಸ್ ಕೊಡಬೇಡಿ.