ಉಗುರಿನ ರೋಗ ಮತ್ತು ಧಣಿಗಳ ಧರ್ಮ

ದಿನವಿಡೀ ಮೋರಿಯ ನೀರಿನಲ್ಲಿ ನಿಂತು ಪಾತ್ರೆ ತೊಳೆಯುವ ನಮ್ಮ ಹೋಟೆಲು ಬಂಧುಗಳ ಉಗುರು ಹಳದಿಗಟ್ಟಿ, ದಪ್ಪವಾಗಿ, ಪುಡಿಯಾಗುವುದು ಹೊಸತಲ್ಲ. ಇದನ್ನು ಲೇಸರ್ ಕಿರಣದಿಂದ ಬೇರುಸಹಿತ ಗುಣಪಡಿಸುವೆವೆಂಬ ಜಾಹೀರಾತನ್ನು ನಂಬಿ, ಊರಿಗೆ ಕಳುಹಿಸಬೇಕಾದ ಹಣವನ್ನು ಸುರಿಯುವವರಲ್ಲಿ ನಮ್ಮದೊಂದು ವಿಜ್ಞಾಪನೆ.

2010ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ ಲೇಸರಿಗೆ ಸಮ್ಮತಿಯಿತ್ತದ್ದು ಉಗುರು ತಾತ್ಕಾಲಿಕವಾಗಿ ತಿಳಿಯಾಗುವುದೆಂಬಷ್ಟಕ್ಕೇ ಹೊರತು ರೋಗನಿರ್ಮೂಲನಕ್ಕಲ್ಲ. ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಶಿಲೀಂಧ್ರ ಕಾರಣ. ಆದುದರಿಂದ ಮೊದಲು ಸರಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಉಗುರಿನ ಚೂರನ್ನು ಪರೀಕ್ಷೆ ಮಾಡಿಸಿರಿ. ರೋಗವು ತುದಿಯಲ್ಲಷ್ಟೇ ಇದ್ದರೆ ಶೇಕಡಾ 5ರ ಅಮೊರಾಲ್ಫಿನ್ ಅಥವಾ ಶೇಕಡಾ 8ರ ಸೈಕ್ಲೊಪಿರಾಕ್ಸ್ ಲೇಪನದಿಂದ ಗುಣವಾಗಬಹುದು. ಬುಡಕ್ಕಿಳಿದಿದ್ದರೆ ವೈದ್ಯರು ಟರ್ಬಿನಾಫಿನ್ ಗುಳಿಗೆ ಕೊಟ್ಟಾರು. ಕಾಲಿನ ಹೆಬ್ಬೆರಳಿನ ಉಗುರು ಪೂರ್ಣವಾಗಿ ಹೊಸತಾಗಲು 12ರಿಂದ 18 ತಿಂಗಳು ಬೇಕು, ನಡುವೆ ಬಿಡಬಾರದು.

ಆದರೆ ಕಾಲಡಿಯ ನೆಲ ಒದ್ದೆಯಾಗಿಯೇ ಉಳಿದರೆ ಔಷಧವೂ ಸೋಲುತ್ತದೆ. ಹೋಟೆಲು ನಡೆಸುತ್ತಿದ್ದಾಗ ನಾವೂ ಮಾಣಿಯೊಬ್ಬನ ಉಗುರನ್ನು ಕಂಡು, ಗಿರಾಕಿಗಳು ಅಸಹ್ಯಪಟ್ಟಾರೆಂದು ಅವನನ್ನು ಪುನಃ ಮೋರಿಗೇ ನೂಕಿದವರು. ಆ ತಪ್ಪು ಇಂದಿಗೂ ಚುಚ್ಚುತ್ತಿದೆ. ನೀರು ಹೊಗದ ಬೂಟು, ಕೈಗವಸು, ಕೈಕಾಲು ಒರೆಸಿಕೊಳ್ಳಲು ಒಣಬಟ್ಟೆ, ಅದಕ್ಕೆ ಐದು ನಿಮಿಷದ ಬಿಡುವು: ಇವನ್ನು ಕೊಡುವುದು ಧಣಿಗಳ ದಾನವಲ್ಲ, ಧರ್ಮ.