ಎಲೆ ಒಣಗಿತೆಂದು ಲಿಲ್ಲಿ ಗಡ್ಡೆ ಎಸೆಯಬೇಡಿ

ಡಿಸೆಂಬರ್ ಬಂತೆಂದರೆ ನಮ್ಮೂರ ತಿಪ್ಪೆಗಳಲ್ಲಿ ಮೇ ಫ್ಲವರ್ ಗಡ್ಡೆಗಳು ಬಿದ್ದಿರುತ್ತವೆ. ಮೇ ತಿಂಗಳಲ್ಲಿ ಕೆಂಪು ಚೆಂಡಿನಂಥ ಹೂ ಬಿಟ್ಟಾಗ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದ್ದೆವಲ್ಲ, ಅದೇ ಗಿಡ. ಎಲೆ ಕಂದು ಬಣ್ಣಕ್ಕೆ ತಿರುಗಿ ಬಾಗಿದರೆ ಸಾಕು, 'ಸತ್ತೋಯ್ತು' ಎಂದು ಕೆಲವರು ಕಿತ್ತೆಸೆಯುತ್ತಾರೆ. ಇನ್ನು ಕೆಲವರು ಬದುಕಿಸಲೆಂದು ದಿನಾ ಒಂದು ಚೊಂಬು ನೀರು ಸುರಿಯುತ್ತಾರೆ. ಎರಡೂ ತಪ್ಪು.

ಎರಡನೆಯ ತಪ್ಪನ್ನು ನಾವೇ ಮಾಡಿದ್ದೇವೆ. ಅವ್ವ ತವರಿನಿಂದ ತಂದು ಕುಂಡದಲ್ಲಿ ನೆಟ್ಟಿದ್ದ ಗಡ್ಡೆ ಅದು. ಎಲೆ ಒಣಗುತ್ತಿದೆ ಎಂದು ಚಳಿಗಾಲವಿಡೀ ನೀರು ಹಾಕಿದೆವು. ಮೇ ಬಂದರೂ ಮೊಳಕೆಯೇ ಇಲ್ಲ. ಅಗೆದು ನೋಡಿದರೆ ಗಡ್ಡೆ ಕೊಳೆತು ನಾರುತ್ತಿತ್ತು. "ಈರುಳ್ಳಿ ಬೆಳೆಯೋ ಮನೇಲಿ ಹುಟ್ಟಿ ಇಷ್ಟೂ ಗೊತ್ತಾಗ್ಲಿಲ್ವೇನ್ರೋ?" ಎಂದಳು ಅವ್ವ.

ಅವಳ ಮಾತು ಸರಿ. ಚಿತ್ರದುರ್ಗ, ಗದಗ ಕಡೆಯ ಈರುಳ್ಳಿ ಬೆಳೆಗಾರರು ಸೊಪ್ಪು ಬಾಗಿ ಒಣಗಿದರೆ ಹೆದರುವುದಿಲ್ಲ. ಗಡ್ಡೆ ಬಲಿಯಿತೆಂದು ನೀರು ನಿಲ್ಲಿಸುತ್ತಾರೆ. ಚಾಮರಾಜನಗರದ ಅರಿಶಿನದ ಹೊಲದಲ್ಲೂ ಎಲೆ ಒಣಗಿದರೆ ಕೊಯ್ಲು ಹತ್ತಿರ ಬಂತೆಂದೇ ಅರ್ಥ. ಮೇ ಫ್ಲವರ್ ಕೂಡ ಹಾಗೆಯೇ. ಮಳೆಗಾಲದಲ್ಲಿ ಎಲೆ ತಯಾರಿಸಿದ ಆಹಾರವನ್ನು ಗಡ್ಡೆಯಲ್ಲಿ ಕೂಡಿಟ್ಟು ಚಳಿಗಾಲದಲ್ಲಿ ಮಲಗುತ್ತದೆ. ಹೊಲದಲ್ಲಿ ಗೊತ್ತಿರುವುದನ್ನು ಜಗಲಿಯ ಕುಂಡದ ಮುಂದೆ ನಾವು ಮರೆಯುತ್ತೇವೆ.

ಹಾಗಂತ ಕಂದಿದ ಎಲೆಯೆಲ್ಲ ವಿಶ್ರಾಂತಿಯ ಲಕ್ಷಣವಲ್ಲ. ಮಳೆಗಾಲದ ನಡುವೆಯೇ ಎಲೆ ಬುಡದಿಂದ ಹಳದಿಯಾಗಿ ಮೆತ್ತಗಾದರೆ ನೀರು ಹೆಚ್ಚಾಗಿದೆ. ಕುಂಡದ ತೂತು ಮುಚ್ಚಿದೆಯೇ ನೋಡಿ. ಗಡ್ಡೆ ತೆಗೆದು, ಕೊಳೆತ ಭಾಗ ಕತ್ತರಿಸಿ, ನೆರಳಲ್ಲಿ ಒಣಗಿಸಿ, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಡಿ. ತುದಿ ಮಾತ್ರ ಕರಟಿದ್ದರೆ ನೀರು ಸಾಲದೆ ಇರಬಹುದು, ಗೊಬ್ಬರ ಹೆಚ್ಚಾಗಿರಬಹುದು, ಬೋರ್‌ವೆಲ್‌ನ ಉಪ್ಪು ನೀರೂ ಇರಬಹುದು. ನೆರಳಲ್ಲಿದ್ದ ಕುಂಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೂ ಎಲೆ ಸುಡುತ್ತದೆ. ಮೊದಲು ಬೆರಳನ್ನು ಮಣ್ಣಿಗಿಟ್ಟು ತೇವ ನೋಡಿ. ಔಷಧಿ ಅಂಗಡಿಗೆ ಹೋಗುವುದು ಆಮೇಲಿನ ಮಾತು.

ಚಳಿಗಾಲದಲ್ಲಿ ಒಣಗುತ್ತಿದ್ದರೆ ಮಾತ್ರ ಸುಮ್ಮನೆ ಬಿಡಿ. ಹಸಿರು ಇರುವವರೆಗೆ ಎಲೆ ಕತ್ತರಿಸಬೇಡಿ. ಪೂರ್ತಿ ಒಣಗಿದ ಮೇಲೆ ನೀರು ನಿಲ್ಲಿಸಿ, ಕುಂಡವನ್ನು ನೆರಳಿನ ಮೂಲೆಗೆ ಸರಿಸಿ. ಬೇಸಿಗೆ ಮಳೆ ಬಿದ್ದು ಮೊಳಕೆ ಇಣುಕಿದಾಗ ಮತ್ತೆ ನೀರು ಕೊಡಿ.

ಇನ್ನೊಂದು ಮಾತು. ಈ ಗಡ್ಡೆ ನೋಡಲು ಈರುಳ್ಳಿಯಂತಿದ್ದರೂ ವಿಷ. ತಿಪ್ಪೆಗೆ ಎಸೆದರೆ ದನ, ಮೇಕೆ ಬಾಯಿ ಹಾಕಬಹುದು. ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹತ್ತಿರವೂ ಇಡಬೇಡಿ, ಮಕ್ಕಳ ಕೈಗೂ ಸಿಗದಿರಲಿ.

ಈ ಸಲ ಪಕ್ಕದ ಮನೆಯ ಅಕ್ಕ ನಮಗೊಂದು ಮರಿಗಡ್ಡೆ ಕೊಟ್ಟಿದ್ದಾರೆ. ಎಲೆ ಒಣಗಿದೆ, ಕುಂಡ ಮೂಲೆ ಸೇರಿದೆ. ಅವ್ವ ನೀರಿನ ಚೊಂಬನ್ನು ನಮ್ಮ ಕೈಗೆ ಸಿಗದಂತೆ ಒಳಗಿಟ್ಟಿದ್ದಾಳೆ.